ಅಲೆ ಹಬೆಯಾಗುವ ಹೊತ್ತು: ಕರಾವಳಿಯಲ್ಲಿ ದೀರ್ಘ ಎಕ್ಸ್‌ಪೋಶರ್ ಛಾಯಾಗ್ರಹಣ ಕಲಿಯುವ ಬಗೆ

ಉಡುಪಿಯ ಮಲ್ಪೆ ಬಳಿಯ ಪಡುಕೆರೆಯ ಮರಳಿನಲ್ಲಿ ಟ್ರೈಪಾಡ್ ಊರಿ, ಕ್ಯಾಮೆರಾದ ಶಟರನ್ನು, ಅಂದರೆ ಬೆಳಕಿನ ಬಾಗಿಲನ್ನು, ಎರಡು ನಿಮಿಷ ತೆರೆದಿಟ್ಟು ತೆಗೆಯುವ ಒಂದೇ ಒಂದು ಚಿತ್ರಕ್ಕಾಗಿ ನಾನು ಕಾಯುತ್ತಿದ್ದೆ. ದೀರ್ಘ ಎಕ್ಸ್‌ಪೋಶರ್ ಎಂದರೆ ಇದೇ. ಬಲೆ ಹರವುತ್ತಿದ್ದ ಹಿರಿಯರೊಬ್ಬರು ಕ್ಯಾಮೆರಾದ ಮುಂದಿನಿಂದ ಒಮ್ಮೆ ಹೋದರು, ಒಮ್ಮೆ ಬಂದರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ. "ಏನು ಮಾರಾಯರೇ, ಇನ್ನೂ ಆಗಲಿಲ್ಲವೇ? ಇಷ್ಟು ಹೊತ್ತಿಗೆ ಒಂದು ಮದುವೆಯ ಆಲ್ಬಮ್ಮೇ ಮುಗಿಯುತ್ತಿತ್ತು" ಎಂದರು. ಚಿತ್ರ ಮೂಡಿದ ಮೇಲೆ ಪರದೆ ತೋರಿಸಿದೆ. ಕಡಲು ಹಬೆಯಾಗಿತ್ತು. ದಡಕ್ಕೆ ಎಳೆದಿಟ್ಟ ನಾಡದೋಣಿ ಮಾತ್ರ ಹಗ್ಗದ ಎಳೆ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅವರು ಕನ್ನಡಕ ಏರಿಸಿ ನೋಡಿ ಕೇಳಿದ ಪ್ರಶ್ನೆ ಒಂದೇ: "ಹಾಗಾದರೆ ನಾನು ಎಲ್ಲಿ, ಅಣ್ಣ?"

ಅವರು ಎಲ್ಲಿಯೂ ಇರಲಿಲ್ಲ. ನಡೆದು ಹೋದವರು ಕ್ಯಾಮೆರಾದ ಪಾಲಿಗೆ ಇಲ್ಲವೇ ಇಲ್ಲ. ಇದು ಈ ಕಲೆಯಷ್ಟೇ ಹಳೆಯ ಸಂಗತಿ. 1838ರಲ್ಲಿ ಛಾಯಾಗ್ರಹಣದ ಮೊದಲಿಗರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯನ್ನು ಕೆಲವು ನಿಮಿಷಗಳ ಎಕ್ಸ್‌ಪೋಶರಿನಲ್ಲಿ ಹಿಡಿದಾಗ ಗಾಡಿಗಳು, ಜನ ಎಲ್ಲರೂ ಮಾಯವಾಗಿದ್ದರು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದೆಡೆ ನಿಂತಿದ್ದವನ ಆಕೃತಿ ಮಾತ್ರ ಉಳಿದುಕೊಂಡಿತು.

ಹೊಸಬರು ಹೆಚ್ಚಾಗಿ ಕೇಳುವುದು ಯಾವ ಫಿಲ್ಟರ್ ಕೊಳ್ಳಬೇಕು, ಎಷ್ಟು ಸೆಕೆಂಡ್ ಇಡಬೇಕು ಎಂದು. ನನ್ನ ಪ್ರಕಾರ ಕೇಳಬೇಕಾದದ್ದು ಬೇರೆ: ಎದುರಿನ ನೋಟದಲ್ಲಿ ಅಲುಗಾಡದೆ ನಿಲ್ಲುವುದು ಯಾವುದು?

ಮೊದಲ ವಾರ: ಕ್ಯಾಮೆರಾ ಮನೆಯಲ್ಲೇ ಇರಲಿ

ಒಂದು ಸಂಜೆ ಬರಿಗೈಯಲ್ಲಿ ಕಡಲ ತೀರಕ್ಕೆ ಹೋಗಿ ಹತ್ತು ನಿಮಿಷ ಕುಳಿತುಕೊಳ್ಳಿ. ನಿಂತ ಹಾಗೆ ಕಾಣುವ ಎಷ್ಟೋ ವಸ್ತುಗಳು ನಿಂತಿರುವುದಿಲ್ಲ. ಮಲ್ಪೆಯ ದಕ್ಕೆಯಲ್ಲಿ ಕಟ್ಟಿದ ಬೋಟುಗಳನ್ನೇ ನೋಡಿ. ಹಗ್ಗ ಬಿಗಿಯಾಗಿದ್ದರೂ ನೀರಿನ ಜೊತೆ ತೂಗುತ್ತಲೇ ಇರುತ್ತವೆ. ಹತ್ತು ಸೆಕೆಂಡಿನ ಚಿತ್ರದಲ್ಲಿ ಒಂದೊಂದು ಬೋಟಿಗೂ ಮೂರು ಅಂಚು. ಪಣಂಬೂರಿನಾಚೆ ಲಂಗರು ಹಾಕಿದ ಹಡಗುಗಳೂ ಅಷ್ಟೇ. ಗಾಳಿಗೂ ಪ್ರವಾಹಕ್ಕೂ ಮೆಲ್ಲಗೆ ತಿರುಗುವುದರಿಂದ ಅವುಗಳ ದೀಪಗಳು ಚುಕ್ಕೆಯಾಗದೆ ಗೀಚಿದ ಗೆರೆಗಳಾಗುತ್ತವೆ. ತೆಂಗಿನ ಗರಿಗಳು ಗಾಳಿಯಿಲ್ಲದ ಮುಂಜಾವದಲ್ಲಿ ಮಾತ್ರ ಸುಮ್ಮನಿರುತ್ತವೆ. ತೀರದ ಗಾಳಿಮರಗಳ ಹೆಸರೇ ಎಲ್ಲವನ್ನೂ ಹೇಳುತ್ತದೆ.

ನಿಜಕ್ಕೂ ನಿಲ್ಲುವವು ಬಂಡೆಗಳು, ದೀಪಸ್ತಂಭ, ಸೇತುವೆಯ ಕಂಬ, ಮರಳಿಗೆ ಎಳೆದಿಟ್ಟ ದೋಣಿ. ಇಂಥ ಒಂದನ್ನು ಆರಿಸಿಕೊಂಡು ಅದರ ಸುತ್ತ ಏನು ಹರಿಯುತ್ತದೆ ಎಂದು ನೋಡಿ. ನೀರು, ಮೋಡ, ವಾಹನದ ಬೆಳಕು, ಜನ, ನಕ್ಷತ್ರ. ಎರಡೂ ಸಿಕ್ಕಿದರೆ ಚಿತ್ರದ ಅರ್ಧ ಕೆಲಸ ಆದಂತೆ. ನಿಲ್ಲುವುದೇ ಇಲ್ಲದ ಕಡೆ ಬರೀ ಕಡಲನ್ನು ಮೂವತ್ತು ಸೆಕೆಂಡ್ ಹಿಡಿದರೆ ಸಿಗುವುದು ಗಂಜಿತಿಳಿಯ ಬಣ್ಣದ ಒಂದು ಪಟ್ಟಿ. ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಂಥವು ಇನ್ನೂರಾದರೂ ಇವೆ.

ಬೇಕಾದ ಸಾಮಾನು, ಬೇಡವಾದದ್ದು

ಶಟರ್ ವೇಗ (ಶಟರ್ ತೆರೆದಿರುವ ಹೊತ್ತು), ಅಪರ್ಚರ್ (ಲೆನ್ಸಿನೊಳಗಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಈ ಮೂರನ್ನೂ ಕೈಯಾರೆ ಹೊಂದಿಸಲು ಬಿಡುವ ಯಾವ ಕ್ಯಾಮೆರಾವಾದರೂ ಸಾಕು. ಹತ್ತು ವರ್ಷ ಹಳೆಯ, ಎರಡನೆಯ ಕೈಯ ಡಿಎಸ್‌ಎಲ್‌ಆರ್ ಆದರೂ ನಡೆಯುತ್ತದೆ. ವೇಗದ ಫೋಕಸ್ಸಾಗಲಿ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಸಾಮರ್ಥ್ಯವಾಗಲಿ ಇಲ್ಲಿ ಕೆಲಸಕ್ಕೆ ಬಾರದು. ಮೊಬೈಲಿನಲ್ಲಿ ಪ್ರೊ ಮೋಡ್ ಇದ್ದರೆ ಕತ್ತಲಾದ ಮೇಲೆ ಅದರಲ್ಲೂ ಕಲಿಯಬಹುದು. ಹಲವು ಮೊಬೈಲುಗಳಲ್ಲಿ ಶಟರನ್ನು 30 ಸೆಕೆಂಡಿನವರೆಗೆ ತೆರೆದಿಡಬಹುದು. ಐಫೋನಿನಲ್ಲಾದರೆ ಲೈವ್ ಫೋಟೊ ತೆಗೆದು, ಆಮೇಲೆ ಅದನ್ನು ಲಾಂಗ್ ಎಕ್ಸ್‌ಪೋಶರ್ ಆಗಿ ಬದಲಿಸಿಕೊಳ್ಳಬಹುದು.

ಹಣ ಹಾಕಬೇಕಾದದ್ದು ಟ್ರೈಪಾಡಿಗೆ. ಮಾಲಿನಲ್ಲಿ ಸಿಗುವ ಹಗುರ ಟ್ರೈಪಾಡ್ ಡ್ರಾಯಿಂಗ್ ರೂಮಿಗೆ ಸರಿ, ಕಡಲ ಗಾಳಿಗಲ್ಲ. ನಡುವಿನ ಕಂಬ ಎತ್ತದೆ ನಿಮ್ಮ ಎದೆಮಟ್ಟಕ್ಕೆ ಬರುವಂಥದ್ದು, ಕಾಲಿನ ಬೀಗಗಳನ್ನು ಬಿಚ್ಚಿ ತೊಳೆಯಲು ಬರುವಂಥದ್ದು ಇರಲಿ. ಕೇಬಲ್ ರಿಮೋಟ್ ಅಗ್ಗ; ಅದು ಬರುವವರೆಗೆ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಸಾಕು.

ಇನ್ನು ಎನ್‌ಡಿ ಫಿಲ್ಟರ್. ಬೆಳಕನ್ನು ತಡೆದು ಶಟರನ್ನು ಹೆಚ್ಚು ಹೊತ್ತು ತೆರೆದಿಡಲು ಬಿಡುವ ಕಪ್ಪು ಗಾಜು ಇದು. ಮೂರು ಬಗೆ ಹೆಚ್ಚು ಬಳಕೆಯಲ್ಲಿವೆ: ಎನ್‌ಡಿ8 (ಮೂರು ಸ್ಟಾಪ್), ಎನ್‌ಡಿ64 (ಆರು ಸ್ಟಾಪ್), ಎನ್‌ಡಿ1000 (ಹತ್ತು ಸ್ಟಾಪ್). ಸ್ಟಾಪ್ ಹೆಚ್ಚಿದಷ್ಟೂ ಗಾಜು ಕಪ್ಪು, ಅದರ ಲೆಕ್ಕ ಮುಂದಿದೆ. ಒಂದನ್ನೇ ಕೊಳ್ಳುವುದಾದರೆ ಆರು ಸ್ಟಾಪಿನದು. ಎಲ್ಲರೂ ಹತ್ತು ಸ್ಟಾಪಿನದನ್ನು ಕೊಳ್ಳುತ್ತಾರೆ, ನಾನೂ ಕೊಂಡೆ. ತಿರುಗಿಸಿದಂತೆ ಕಪ್ಪಾಗುವ ಅಗ್ಗದ ಫಿಲ್ಟರನ್ನೂ ಒಬ್ಬ ಅಂಗಡಿಯವರು "ಒಂದರಲ್ಲೇ ಎಲ್ಲ ಇದೆ" ಎಂದು ದಾಟಿಸಿದರು. ವೈಡ್ (ಅಗಲ ನೋಟದ) ಲೆನ್ಸಿನಲ್ಲಿ ಅದನ್ನು ಪೂರ್ತಿ ತಿರುಗಿಸಿದರೆ ಆಕಾಶದ ಮೇಲೆ ಕತ್ತರಿಯಾಕಾರದ ಕಪ್ಪು ನೆರಳು ಬೀಳುತ್ತದೆ. ಈಗ ಆ ಫಿಲ್ಟರ್ ನನ್ನ ಮಗಳ ಕೈಯಲ್ಲಿದೆ; ಬಿಸಿಲಿಗೆ ಹೊಳೆಯುವ ಸ್ಕೂಟರಿನ ಕನ್ನಡಿಯನ್ನು ಅದರ ಮೂಲಕ ನೋಡುತ್ತಾಳೆ.

ಒಂದೇ ಒಂದು ಲೆಕ್ಕ

ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು ಅಥವಾ ಅರ್ಧವಾಗುವುದು. ಹಾಗಾಗಿ ಆರು ಸ್ಟಾಪ್ ಫಿಲ್ಟರ್ ಹಾಕಿದರೆ ಶಟರ್ ಸಮಯವನ್ನು 64ರಿಂದ ಗುಣಿಸಬೇಕು, ಹತ್ತು ಸ್ಟಾಪಿಗೆ ಸುಮಾರು 1000ದಿಂದ. ಫಿಲ್ಟರ್ ಇಲ್ಲದೆ ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಚಿತ್ರ ಸರಿ ಬಂದರೆ, ಆರು ಸ್ಟಾಪಿನಲ್ಲಿ ಎರಡು ಸೆಕೆಂಡ್, ಹತ್ತು ಸ್ಟಾಪಿನಲ್ಲಿ 34 ಸೆಕೆಂಡ್ ಬೇಕು. ಕಾಲು ಸೆಕೆಂಡ್ ಇದ್ದದ್ದು ಆರರಲ್ಲಿ 16 ಸೆಕೆಂಡ್, ಹತ್ತರಲ್ಲಿ ನಾಲ್ಕು ನಿಮಿಷ ದಾಟುತ್ತದೆ. ಹೆಚ್ಚಿನ ಕ್ಯಾಮೆರಾಗಳು ತಾವಾಗಿ 30 ಸೆಕೆಂಡಿನವರೆಗೆ ಎಣಿಸುತ್ತವೆ. ಅದರಾಚೆಗೆ ಬಲ್ಬ್ ಮೋಡ್ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ), ರಿಮೋಟ್, ಕೈಗಡಿಯಾರ.

ಸಮಯ ಹೆಚ್ಚಿಸಲು ಅಪರ್ಚರನ್ನು ಎಫ್22ರವರೆಗೆ ಕಿರಿದು ಮಾಡುವ ಆಸೆ ಬರುತ್ತದೆ. ಬೇಡ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್8ರಿಂದ ಎಫ್11ರ ನಡುವೆ ಇರಿ, ಐಎಸ್‌ಒ 100ರಲ್ಲಿರಲಿ.

ಎಷ್ಟು ಹೊತ್ತು ಇಡಬೇಕೆಂಬುದು ರುಚಿಯ ಮಾತು. ಅಲೆ ಬಂಡೆಗೆ ಬಡಿದು ಹಿಂದೆ ಸರಿಯುವಾಗ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಇಟ್ಟರೆ ನೀರಿನ ಎಳೆಗಳು ಕೂದಲಿನಂತೆ ಉಳಿಯುತ್ತವೆ. ಎಂಟು ಸೆಕೆಂಡಿನಲ್ಲಿ ಎಳೆ ಕರಗಿ ಹಾಲಾಗುತ್ತದೆ, ಅರ್ಧ ನಿಮಿಷ ದಾಟಿದರೆ ಹಬೆ. ಎಲ್ಲರಿಗೂ ಹಬೆಯ ಹುಚ್ಚು. ನನಗೆ ಮಾತ್ರ ಅರ್ಧ ಸೆಕೆಂಡಿನ ನೀರು ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಅಲೆಯ ಸಿಟ್ಟು ಇನ್ನೂ ಇರುತ್ತದೆ.

ಕಾಪುವಿನಲ್ಲಿ ಒಂದು ಸಂಜೆ, ಹೆಜ್ಜೆ ಹೆಜ್ಜೆಯಾಗಿ

ಕಲಿಯಲು ಉಡುಪಿ, ಮಂಗಳೂರಿನ ನಡುವಿನ ಕಾಪುವಿಗಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಬಂಡೆಯ ಮೇಲೆ 1901ರ ದೀಪಸ್ತಂಭ, ಕೆಳಗೆ ಸಣ್ಣ ಬಂಡೆಗಳ ಸಾಲು, ಎದುರಿಗೆ ಮುಳುಗುವ ಸೂರ್ಯ. ನಿಲ್ಲುವುದೂ ಹರಿಯುವುದೂ ಒಂದೇ ಚೌಕಟ್ಟಿನೊಳಗೆ ಸಿಗುತ್ತವೆ. ಜನವರಿಯಲ್ಲಿ ಸೂರ್ಯ ಸುಮಾರು ಆರೂಕಾಲು, ಆರೂವರೆಯ ನಡುವೆ ಮುಳುಗುತ್ತಾನೆ. ಒಂದು ಗಂಟೆ ಮೊದಲೇ ಅಲ್ಲಿರಿ.

1. ಟ್ರೈಪಾಡನ್ನು ಇಡುವುದಲ್ಲ, ಊರುವುದು. ಒದ್ದೆ ಮರಳಿನಲ್ಲಿ ಅಲೆ ಬಂದು ಹೋದಾಗಲೆಲ್ಲ ಕಾಲಿನ ಬುಡದ ಮರಳು ಕರಗಿ ಟ್ರೈಪಾಡ್ ಕೂದಲೆಳೆಯಷ್ಟು ಇಳಿಯುತ್ತದೆ. ನನ್ನ ಮೊದಲ ಕಾಪು ಚಿತ್ರದಲ್ಲಿ ಎರಡು ದೀಪಸ್ತಂಭಗಳಿದ್ದವು. ಕಾಲುಗಳನ್ನು ಇನ್ನು ಇಳಿಯದು ಎನ್ನುವವರೆಗೆ ಒತ್ತಿ, ಒಂದು ಅಲೆ ಬಂದು ಹೋಗಲು ಬಿಡಿ, ಮತ್ತೆ ಒತ್ತಿ. ಮರಳು ತೀರಾ ಸಡಿಲವಾಗಿದ್ದರೆ ನಾನು ಮೂರು ಕಾಲಿಗೂ ತೆಂಗಿನ ಕರಟ ಕೊಡುತ್ತೇನೆ. ಬಟ್ಟಲು ಮೇಲ್ಮುಖವಾಗಿರಬೇಕು, ಕಾಲು ಅದರೊಳಗೆ ಕೂರಬೇಕು. ಖರ್ಚಿಲ್ಲ, ಅಡುಗೆಮನೆಯಲ್ಲೇ ಸಿಗುತ್ತದೆ.

2. ಚೀಲವನ್ನು ಟ್ರೈಪಾಡಿನ ಕೊಕ್ಕೆಗೆ ತೂಗುಹಾಕಿ, ಆದರೆ ಅದರ ತಳ ನೆಲ ಮುಟ್ಟಿರಲಿ. ಗಾಳಿಯಲ್ಲಿ ತೂಗುವ ಚೀಲ ಕ್ಯಾಮೆರಾವನ್ನೂ ತೂಗುತ್ತದೆ. ಕುತ್ತಿಗೆಯ ಪಟ್ಟಿಯನ್ನು ಬಿಚ್ಚಿಡಿ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆಯಿದ್ದರೆ ಆಫ್ ಮಾಡಿಬಿಡಿ.

3. ಚೌಕಟ್ಟು ಹೊಂದಿಸಿ, ಕ್ಷಿತಿಜದ ಗೆರೆ ನೇರವಿದೆಯೇ ನೋಡಿ. ದೀಪಸ್ತಂಭದ ಮೇಲೆ ಫೋಕಸ್ ಮಾಡಿ, ತಕ್ಷಣ ಮ್ಯಾನುವಲ್ ಫೋಕಸಿಗೆ ಬದಲಿಸಿ. ಹತ್ತು ಸ್ಟಾಪಿನ ಗಾಜು ಹಾಕಿದ ಮೇಲೆ ಕ್ಯಾಮೆರಾಗೂ ನಿಮಗೂ ಏನೂ ಕಾಣದು, ಹಾಗಾಗಿ ಇದೆಲ್ಲ ಫಿಲ್ಟರ್ ಹಾಕುವ ಮೊದಲೇ ಮುಗಿಯಬೇಕು.

4. ಫಿಲ್ಟರ್ ಇಲ್ಲದೆ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಮ್ ನೋಡಿ; ಚಿತ್ರದಲ್ಲಿ ಕತ್ತಲೆಷ್ಟು (ಎಡಕ್ಕೆ), ಬೆಳಕೆಷ್ಟು (ಬಲಕ್ಕೆ) ಎಂದು ತೋರಿಸುವ ನಕ್ಷೆ ಅದು. ಬಲತುದಿಗೆ ಗುಡ್ಡೆ ಅಂಟಿಕೊಂಡಿರಬಾರದು. ಸರಿ ಬಂದ ಸಮಯವನ್ನು 64ರಿಂದ ಗುಣಿಸಿ, ಫೋಕಸ್ ರಿಂಗ್ ಅಲುಗದಂತೆ ಫಿಲ್ಟರ್ ತಿರುಗಿಸಿ ಹಾಕಿ.

5. ಡಿಎಸ್‌ಎಲ್‌ಆರ್ ಆದರೆ ಕಣ್ಣಿಟ್ಟು ನೋಡುವ ಹಿಂದಿನ ಕಿಂಡಿಯನ್ನು ಕಪ್ಪು ಟೇಪಿನಿಂದ ಮುಚ್ಚಿ, ಇಲ್ಲವಾದರೆ ಬೆನ್ನ ಹಿಂದಿನ ಬೆಳಕು ಒಳನುಗ್ಗುತ್ತದೆ. ಆಮೇಲೆ ಗುಂಡಿ ಒತ್ತಿ, ಕೈ ಹಿಂದಕ್ಕೆ ಕಟ್ಟಿಕೊಳ್ಳಿ.

ಸೂರ್ಯ ಮುಳುಗಿತೆಂದು ಜನ ಎದ್ದು ಮಣ್ಣು ಝಾಡಿಸಿಕೊಂಡು ಹೊರಡುತ್ತಾರೆ. ನೀವು ಹೊರಡಬೇಡಿ, ನಿಮ್ಮ ಕೆಲಸ ಆಗಷ್ಟೇ ಶುರು. ನಮ್ಮದು ಸಮಭಾಜಕಕ್ಕೆ ಹತ್ತಿರದ ಊರು. ಸೂರ್ಯ ನೆಟ್ಟಗೆ ಕೆಳಗಿಳಿಯುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಒಳ್ಳೆಯ ನೀಲಿ ಬೆಳಕು ಸಿಗುವುದು ಇಪ್ಪತ್ತು ಇಪ್ಪತ್ತೈದು ನಿಮಿಷ, ಅಷ್ಟೇ. ಅದೂ ನಿಮಿಷ ನಿಮಿಷಕ್ಕೂ ಕಡಿಮೆಯಾಗುತ್ತಿರುತ್ತದೆ. ಒಂದು ನಿಮಿಷಕ್ಕಿಂತ ಉದ್ದದ ಚಿತ್ರ ತೆಗೆಯುವುದಾದರೆ ಲೆಕ್ಕಕ್ಕೆ ಬಂದ ಸಮಯಕ್ಕೆ ಇನ್ನರ್ಧ ಸೇರಿಸಿ. ಕೊನೆಯ ಹತ್ತು ನಿಮಿಷಕ್ಕೆ ಫಿಲ್ಟರ್ ಬೇಕಾಗುವುದೇ ಇಲ್ಲ, ಬರಿಯ ಲೆನ್ಸಿನಲ್ಲೇ ನಾಲ್ಕರಿಂದ ಎಂಟು ಸೆಕೆಂಡ್ ಸಿಗುತ್ತದೆ. ಆ ಹೊತ್ತಿಗೆ ದೀಪಸ್ತಂಭದ ದೀಪವೂ ಹೊತ್ತಿರುತ್ತದೆ. ಅದರ ಮಿನುಗನ್ನು ನೀವೇ ಎಣಿಸಿ, ಒಂದು ಸುತ್ತು ಮುಗಿಯುವಷ್ಟು ಹೊತ್ತು ಶಟರ್ ತೆರೆದಿಡಿ.

ಭರತ, ಇಳಿತ ಮತ್ತು ಮಳೆಗಾಲ

ದಿನಕ್ಕೆ ಎರಡು ಭರತ, ಎರಡು ಇಳಿತ; ಮರುದಿನ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ನವ ಮಂಗಳೂರು ಬಂದರಿನ ಭರತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಸೂರ್ಯಾಸ್ತದ ಹೊತ್ತಿಗೆ ನೀರು ಇಳಿಯುತ್ತಿರುವ ದಿನವನ್ನು ಆರಿಸಿಕೊಳ್ಳಿ. ಒದ್ದೆ ಮರಳು ಕನ್ನಡಿಯಾಗುತ್ತದೆ, ಬಂಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ, ನಿಮ್ಮ ಹಿಂದಿನ ದಾರಿ ಮುಚ್ಚಿಹೋಗುವ ಭಯವೂ ಇರುವುದಿಲ್ಲ. ಕ್ಯಾಮೆರಾದ ಪರದೆಗೆ ಕಣ್ಣು ಕೀಲಿಸಿ ನಿಂತವನಿಗೆ ಏರುವ ನೀರು ಗೊತ್ತಾಗುವುದು ಮೊಣಕಾಲು ಒದ್ದೆಯಾದ ಮೇಲೆಯೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ, ಬಣ್ಣಕ್ಕೆ ಬರವಿಲ್ಲ. ಕಡಲಿಗೆ ಮಾತ್ರ ಆ ಎರಡು ತಿಂಗಳು ಬೆನ್ನು ತಿರುಗಿಸಿ. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಹತ್ತಿ ನಿಲ್ಲುವುದಂತೂ ಬೇಡವೇ ಬೇಡ, ಅವು ಅಲುಗುತ್ತವೆ, ಪಾಚಿ ಬೇರೆ. ಅದರ ಬದಲು ಮಳೆಗಾಲದಲ್ಲಿ ಜಲಪಾತಕ್ಕೆ ಹೋಗಿ. ಮಣಿಪಾಲದ ಅರ್ಬಿ ಹತ್ತಿರದ್ದು. ಹೆಬ್ರಿಯಾಚೆಯ ಕೂಡ್ಲು ತೀರ್ಥ ಕಾಡಿನೊಳಗಿದೆ, ಜೋರು ಮಳೆಗೆ ಪ್ರವೇಶ ಮುಚ್ಚುವುದುಂಟು, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ. ಕಾಡಿನ ಮಬ್ಬಿನಲ್ಲಿ ಎನ್‌ಡಿ ಬೇಕಿಲ್ಲ, ಪೋಲರೈಸರ್ ಸಾಕು. ಎಲೆಯ ಮೇಲಿನ ಬಿಳಿ ಹೊಳಪನ್ನು ಅದು ಕಳೆಯುತ್ತದೆ, ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಇಡಿ. ಇಂಬಳಕ್ಕೆ ಸುಣ್ಣವೋ ಉಪ್ಪೋ ಕಿಸೆಯಲ್ಲಿರಲಿ, ಆದರೆ ಲೆನ್ಸ್ ಒರೆಸುವ ಬಟ್ಟೆಯಿರುವ ಕಿಸೆಯಲ್ಲಿ ಇವೆರಡೂ ಬೇಡ.

ಮುಂದಿನ ಜಾಗಗಳು

ಉಳ್ಳಾಲದ ಸೋಮೇಶ್ವರದಲ್ಲಿ ದೇವಸ್ಥಾನದ ಪಕ್ಕದ ಬಂಡೆಗಳು ಕಾಪುವಿಗಿಂತ ನಾಟಕೀಯ, ಅಷ್ಟೇ ಅಪಾಯಕಾರಿ. ಅಲ್ಲಿ ಟೆಲಿ ಲೆನ್ಸ್ ಹಾಕಿ ದೂರದಿಂದಲೇ ತೆಗೆಯಿರಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮುಸ್ಸಂಜೆಯಲ್ಲಿ 15ರಿಂದ 30 ಸೆಕೆಂಡ್ ಇಟ್ಟರೆ ಲಾರಿಗಳು ಮಾಯವಾಗಿ ಕೆಂಪು ಬಿಳಿ ಗೆರೆಗಳಷ್ಟೇ ಉಳಿಯುತ್ತವೆ. ರಸ್ತೆಯಂಚಿನಿಂದ ಸಾಕಷ್ಟು ದೂರ ನಿಲ್ಲಿ; ಚಾಲಕನ ಕಣ್ಣಿಗೆ ಕತ್ತಲಲ್ಲಿ ನೀವೂ ಮಾಯವೇ.

ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಲಾವಾ ತಣ್ಣಗಾಗುತ್ತ ಬಿರಿದು ಆದವು. ಇವಕ್ಕಿಂತ ಚೆನ್ನಾಗಿ ನಿಲ್ಲುವ ರೂಪದರ್ಶಿ ಎಲ್ಲಿ ಸಿಕ್ಕೀತು? ಆದರೆ ಕತ್ತಲಾಗುವ ಮೊದಲೇ ಮಲ್ಪೆಯ ದೋಣಿ ಹಿಡಿದು ಮರಳಬೇಕು. ಹತ್ತು ಸ್ಟಾಪಿನ ಗಾಜು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ, ಹಗಲಿನಲ್ಲಿ.

ಕಡಲು ಬೇಸರವಾದರೆ ಉಡುಪಿಯ ರಥಬೀದಿ. ಕಾರ್ತಿಕದ ಲಕ್ಷದೀಪೋತ್ಸವದಲ್ಲಿ ಬೀದಿಯ ಉದ್ದಕ್ಕೂ ಹಣತೆ. ಗೋಡೆಗೋ ಕಂಬಕ್ಕೋ ಒರಗಿ ಅರ್ಧ ಸೆಕೆಂಡ್ ಇಟ್ಟರೆ ಜನಸಾಗರ ನದಿಯಾಗುತ್ತದೆ, ಹಣತೆಗಳು ಹಾಗೇ ನಿಲ್ಲುತ್ತವೆ. ಅಂಥ ನೂಕುನುಗ್ಗಲಿನಲ್ಲಿ ಟ್ರೈಪಾಡ್ ಬಿಡಿಸುವುದು ಭಕ್ತರ ಕಾಲಿಗೆ ಅಡ್ಡ. ಭೂತಕೋಲಕ್ಕೆ ಹೋದರೆ ಮನೆಯವರ ಒಪ್ಪಿಗೆ ಕೇಳದೆ ಕ್ಯಾಮೆರಾ ಎತ್ತಬೇಡಿ. ಒಪ್ಪಿದರೂ ಫ್ಲಾಶ್ ಬೇಡ.

ನಕ್ಷತ್ರಗಳು

ನಮ್ಮ ಊರು ಉತ್ತರ ಅಕ್ಷಾಂಶ 13 ಡಿಗ್ರಿಯ ಸುಮಾರಿಗಿದೆ, ಆದ್ದರಿಂದ ಧ್ರುವ ನಕ್ಷತ್ರವೂ ಉತ್ತರದ ಕ್ಷಿತಿಜದಿಂದ ಅಷ್ಟೇ ಎತ್ತರದಲ್ಲಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು ಹತ್ತು ಡಿಗ್ರಿ. ಒಂದು ಮುಷ್ಟಿಯ ಮೇಲೆ ಎರಡು ಬೆರಳಷ್ಟು ನೋಡಿ. ಹಿಮಾಲಯದ ಚಿತ್ರಗಳಲ್ಲಿ ನಕ್ಷತ್ರದ ಸುತ್ತುಗಳು ಆಕಾಶದ ಮೇಲೆ ಎಲ್ಲೋ ಇದ್ದರೆ, ನಮ್ಮಲ್ಲಿ ಅವುಗಳ ನಡುಬಿಂದು ತೆಂಗಿನ ತಲೆಗೆ ತಾಗಿಕೊಂಡಂತಿರುತ್ತದೆ. ತೀರದ ಉದ್ದಕ್ಕೂ ಉತ್ತರಕ್ಕೆ ಮುಖಮಾಡಿದರೆ ಅದು ತಾನಾಗಿ ಚೌಕಟ್ಟಿನೊಳಗೆ ಬೀಳುತ್ತದೆ.

ಸುತ್ತುಗಳು ಬೇಕಾದರೆ ಅಗಲ ಲೆನ್ಸ್, ಎಫ್2.8 ಅಥವಾ ಎಫ್4, ಐಎಸ್‌ಒ 800, 30 ಸೆಕೆಂಡಿನ 120 ಚಿತ್ರಗಳನ್ನು ಬಿಡುವಿಲ್ಲದೆ ಒಂದರ ಹಿಂದೆ ಒಂದು ತೆಗೆಯಿರಿ. ಒಂದು ಗಂಟೆಯಲ್ಲಿ ಆಕಾಶ 15 ಡಿಗ್ರಿ ತಿರುಗುತ್ತದೆ. ಆಮೇಲೆ ಸ್ಟಾರ್‌ಸ್ಟ್ಯಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಎಲ್ಲವನ್ನೂ ಬೆಸೆಯಬಹುದು. ಈ ಕೆಲಸದಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಚುಕ್ಕೆ ಕಳೆಯುವ ವ್ಯವಸ್ಥೆ) ಆಫ್ ಆಗಿರಬೇಕು. ಅದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತಿನ ಕತ್ತಲ ಚಿತ್ರವನ್ನೂ ತೆಗೆಯುವುದರಿಂದ ಗೆರೆಗಳು ತುಂಡುತುಂಡಾಗುತ್ತವೆ. ನಕ್ಷತ್ರಗಳು ಚುಕ್ಕೆಯಾಗಿಯೇ ಇರಬೇಕಾದರೆ 500ನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ, ಅಷ್ಟು ಸೆಕೆಂಡ್ ಮೀರಬೇಡಿ. 20 ಎಂಎಂ ಲೆನ್ಸಿಗೆ ಫುಲ್ ಫ್ರೇಮಿನಲ್ಲಿ (ದೊಡ್ಡ ಸೆನ್ಸರಿನ ಕ್ಯಾಮೆರಾ) 25 ಸೆಕೆಂಡ್; ಅದಕ್ಕಿಂತ ಸಣ್ಣದಾದ ಕ್ರಾಪ್ ಸೆನ್ಸರಿನಲ್ಲಿ ಫೋಕಲ್ ಲೆಂಗ್ತನ್ನು ಸುಮಾರು ಒಂದೂವರೆ ಪಟ್ಟು ಎಂದು ಹಿಡಿಯಬೇಕಾದ್ದರಿಂದ 16.

ಕ್ಷೀರಪಥದ ದಟ್ಟ ಭಾಗ ಫೆಬ್ರುವರಿ ಕೊನೆಯಿಂದ ಬೆಳಗಿನ ಜಾವ ದಕ್ಷಿಣದ ಕಡೆ ಕಾಣುತ್ತದೆ. ಅದು ರಾತ್ರಿಯ ಹೊತ್ತಿಗೆ ಒಳ್ಳೆಯ ಎತ್ತರಕ್ಕೆ ಬರುವ ತಿಂಗಳುಗಳಲ್ಲಿ ನಮಗೆ ಮಳೆ. ಮಾರ್ಚಿನ ಅಮಾವಾಸ್ಯೆಗೆ ಅಲಾರಂ ಇಡುವುದೇ ದಾರಿ.

ಮನೆಗೆ ಬಂದ ಮೇಲೆ

ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ತೆಗೆದಿದ್ದರೆ ಫಿಲ್ಟರಿನ ನೀಲಿ ಅಥವಾ ಕಂದು ಛಾಯೆಯನ್ನು ವೈಟ್ ಬ್ಯಾಲೆನ್ಸಿನಲ್ಲಿ ತೆಗೆದುಬಿಡಬಹುದು. ಕ್ಷಿತಿಜ ನೇರ ಮಾಡಿ, ಸೆನ್ಸರಿನ ಧೂಳಿನ ಚುಕ್ಕೆ ಅಳಿಸಿ. ಅದಕ್ಕಿಂತ ಹೆಚ್ಚು ಬಣ್ಣ ಬಳಿಯುವುದು ನಿಮ್ಮಿಷ್ಟ, ನನ್ನ ಸಲಹೆಯಲ್ಲ.

ಚಿತ್ರಕ್ಕಿಂತ ಮೊದಲು ಟ್ರೈಪಾಡಿನ ಸ್ನಾನ ಆಗಬೇಕು. ಬಾವಿಕಟ್ಟೆಯಲ್ಲಿ ಸಿಹಿನೀರು ಸುರಿದು, ಬೀಗ ಬಿಚ್ಚಿ, ಮರಳು ಉದುರುವವರೆಗೆ ತೊಳೆದು, ಕಾಲುಗಳನ್ನು ಪೂರ್ತಿ ಚಾಚಿ ನೆರಳಿನಲ್ಲಿ ಒಣಗಿಸಿ. ಕ್ಯಾಮೆರಾವನ್ನೂ ಫಿಲ್ಟರನ್ನೂ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಎಸಿ ಕೋಣೆಯಿಂದ ನೇರ ಹೊರಗೆ ತಂದ ಲೆನ್ಸಿಗೆ ಮಬ್ಬು ಕವಿಯುವುದು ಇಲ್ಲಿ ದಿನದ ಮಾತು, ಚೀಲದೊಳಗೇ ಅರ್ಧ ಗಂಟೆ ಬಿಟ್ಟು ತೆರೆಯಿರಿ.

ನಮ್ಮ ಕಡೆ ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಒಂದು ಮಳೆಗಾಲ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಎರಡು ಹಿಡಿ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಮನೆಯ ಹಿರಿಯರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡಲು ಹೇಳಿದರೆ ನಯವಾಗಿ ತಪ್ಪಿಸಿಕೊಳ್ಳಿ. ನಾನು ಅವರ ಮಾತು ಕೇಳಿ ಹಾಗೇ ಮಾಡಿದ್ದೆ. ಕುಚ್ಚಲಕ್ಕಿಯ ಕೆಂಪು ತೌಡು ಜೂಮ್ ರಿಂಗಿನೊಳಗಿಂದ ಇವತ್ತಿಗೂ ಉದುರುತ್ತಿದೆ.